ಬೇಸ್ ಬೆಂಚಿನ ಸಲೋಮಿ

ಎಸ್ಟೇಟಿನ ಕ್ರೈಸ್ತ ಸಭೆಗೆ ನೂರು ವರ್ಷ ತುಂಬುತ್ತದೆಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅದಕ್ಕೆ ಅತ್ತೆಯವರ ಬಗ್ಗೆ ಒಂದು ಪುಟ ಬರೆದುಕೊಡು, ನೀನು ಮೈಸೂರಿನವಳು, ನಿನಗೆ ಕನ್ನಡ ಚೆನ್ನಾಗಿ ಬರುತ್ತದಲ್ಲ ಎಂದು ಸಭೆಯ ಹಿರಿಯ ಹೆರಾಲ್ಡ್ ಕರ್ಕಡ ಕೇಳಿದರು. ಬರೆದುಕೊಟ್ಟೆ. ನಿಷ್ಠೆ, ಸೇವೆ, ಮಾದರಿ ಎಂಬ ಪದಗಳನ್ನು ಕೊತ್ತಂಬರಿ ಸೊಪ್ಪಿನ ಹಾಗೆ ಮೇಲಿನಿಂದ ಉದುರಿಸಿ ಕಳಿಸಿದೆ. ಅವರಿಗೆ ಬಹಳ ಹಿಡಿಸಿತು. ಅದರಲ್ಲಿ ಒಂದು ಸಾಲೂ ನಿಜವಲ್ಲ. ನಿಜವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇದನ್ನು ಯಾರೂ ಕೇಳಿಲ್ಲ.

ನನ್ನ ಅತ್ತೆ ಸಲೋಮಿ ಜತ್ತನ್ನ ಅವರಿಗೆ ಈಗ ಎಪ್ಪತ್ತಮೂರು. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಮಲೇಷ್ಯಾದ ಪೆರಾಕ್ ರಾಜ್ಯದ ಸುಂಗೈ ಕೆಲಾಟ್ ಎಂಬ ಎಸ್ಟೇಟಿನಲ್ಲಿ. ಮಂಗಳೂರನ್ನು ಎರಡೇ ಸಲ ನೋಡಿದ್ದಾರೆ, ಎರಡು ಸಲವೂ ಬೈದುಕೊಂಡೇ ಬಂದಿದ್ದಾರೆ. ಆದರೂ ಬಾಯಿ ಬಿಟ್ಟರೆ ಅಜ್ಜನ ಕಾಲದ ಮಂಗಳೂರು ಕನ್ನಡ, ನಡುನಡುವೆ ಮಲೇಷ್ಯಾದವರ ಒಂದೊಂದು ‘ಲಾ’. ಮೂವತ್ತೈದು ವರ್ಷ ಎಸ್ಟೇಟಿನ ದವಾಖಾನೆಯಲ್ಲಿ ಡ್ರೆಸ್ಸರ್ ಆಗಿದ್ದರು. ಗಾಯಕ್ಕೆ ಅಯೋಡಿನ್ ಹಚ್ಚುವಾಗ ಮಕ್ಕಳು ಅತ್ತರೆ ಇನ್ನೊಂದು ಸಲ ಹಚ್ಚುತ್ತಿದ್ದರಂತೆ. ಇದನ್ನು ನನ್ನ ಗಂಡ ಅನಿಲ ನಗುತ್ತ ಹೇಳುತ್ತಾನೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ.

ನಾನು ಸೈಬರ್‌ಜಯಾದ ಕಂಪನಿಯೊಂದಕ್ಕೆ ಕೆಲಸಕ್ಕೆಂದು ಬಂದವಳು. ಅನಿಲ ಪಕ್ಕದ ಪುತ್ರಜಯಾದ ಸರ್ಕಾರಿ ಇಲಾಖೆಯೊಂದರಲ್ಲಿದ್ದ. ಮದುವೆಯಾದೆವು. ನಾನು ಧರ್ಮ ಬದಲಿಸಲಿಲ್ಲ, ಅನಿಲ ಕೇಳಲೂ ಇಲ್ಲ. ಅತ್ತೆ ಕೇಳಿದರು. ಆಗುವುದಿಲ್ಲ ಎಂದೆ. ಅಂದಿನಿಂದ ಅವರಿಗೂ ನನಗೂ ಎಣ್ಣೆ ಸೀಗೇಕಾಯಿ.

ಅವರ ದ್ವೇಷ ಏನೆಂದು ತಿಳಿಯಬೇಕಾದರೆ ಆ ಸಭೆಯ ಹಾಡಿನ ವಿಷಯ ಹೇಳಲೇಬೇಕು. ನೂರು ವರ್ಷದ ಹಿಂದೆ ಮಂಗಳೂರು ಕಡೆಯ ನಾಲ್ಕು ಪ್ರಾಟೆಸ್ಟಂಟ್ ಕುಟುಂಬಗಳು ಆ ರಬ್ಬರು ತೋಟಕ್ಕೆ ಗುಮಾಸ್ತರ ಕೆಲಸಕ್ಕೆ ಬಂದವು. ಅಮ್ಮನ್ನ, ಸೋನ್ಸ್, ಕರ್ಕಡ, ಜತ್ತನ್ನ. ನಾಲ್ಕೂ ಮನೆಯವರು ಸೇರಿ ಹಲಗೆಯ ಗೋಡೆ, ತಗಡಿನ ಮಾಡು ಹಾಕಿ ಒಂದು ಆಲಯ ಕಟ್ಟಿಕೊಂಡರು. ತೋಟದ ಮ್ಯಾನೇಜರ್ ವೇಲ್ಸ್ ದೇಶದ ಕಲ್ಲಿದ್ದಲು ಗಣಿಯವನ ಮಗ. ಅವನನ್ನು ಯಾರಾದರೂ ಇಂಗ್ಲಿಷಿನವನೆಂದರೆ ಕೆಂಡವಾಗುತ್ತಿದ್ದನಂತೆ. ಅವನಿಗೆ ತನ್ನ ಊರಿನ ಹಾಡಿನ ಹುಚ್ಚು. ಜೊತೆಗೆ ಹಾಡಲು ಯಾರೂ ಇರಲಿಲ್ಲ. ಹಾಗಾಗಿ ಶನಿವಾರ ಸಂಜೆ ಈ ಗುಮಾಸ್ತರನ್ನೂ ಅವರ ಹೆಂಡಿರನ್ನೂ ಕೂರಿಸಿಕೊಂಡು, ಕೈಸನ್ನೆಯಲ್ಲಿ ಡೊ ರೆ ಮಿ ಕಲಿಸಿ, ನಾಲ್ಕು ಸ್ವರದಲ್ಲಿ ವೇಲ್ಸಿನವರ ಹಾಗೆ ಹಾಡುವ ಗೀಳು ಹಚ್ಚಿಬಿಟ್ಟ. ವಾದ್ಯ ಇಲ್ಲ, ಬರೀ ಗಂಟಲು. ಮೇಲೆ ರಾಗ, ಅದರ ಕೆಳಗೆ ಆಲ್ಟೊ, ಅದರ ಕೆಳಗೆ ಟೆನರ್, ಎಲ್ಲಕ್ಕೂ ಅಡಿಯಲ್ಲಿ ದಪ್ಪ ಸ್ವರ, ಬೇಸ್. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಒಂದು ಹಾಡಿನ ಭಾನುವಾರ. ಆ ದಿನ ಪಾದ್ರಿಯ ಪ್ರಸಂಗವಿಲ್ಲ, ಹಾಡು ಮಾತ್ರ. ಕೊನೆಗೆ ನದಿ ದಾಟುವ ಹಾಡು ಎಂದು ಅವರು ಕರೆಯುವ ಒಂದು ಕೀರ್ತನೆ. ಅದರ ಕಡೆಯ ಚರಣವನ್ನು ಒಮ್ಮೆ ಹಾಡಿ ಬಿಡುವಂತಿಲ್ಲ, ಮತ್ತೆ ಎತ್ತಬೇಕು. ಅದೂ ವೇಲ್ಸಿನವರ ಪದ್ಧತಿಯೇ.

ಇಲ್ಲೊಂದು ತಪ್ಪಾಯಿತು. ಮನೆಯಲ್ಲಿ ಅಭ್ಯಾಸ ಮಾಡಲು ಸುಲಭವಾಗಲಿ ಎಂದು ಆ ಮ್ಯಾನೇಜರ್ ದೊರೆ ಮೊದಲ ವರ್ಷ ಮನೆಗೊಂದು ಸ್ವರ ಹಂಚಿದ್ದ. ಅಮ್ಮನ್ನರಿಗೆ ರಾಗ, ಸೋನ್ಸರಿಗೆ ಆಲ್ಟೊ, ಕರ್ಕಡರಿಗೆ ಟೆನರ್, ಜತ್ತನ್ನರಿಗೆ ಬೇಸ್. ಗಂಡಸರಾಗಲಿ ಹೆಂಗಸರಾಗಲಿ ಎಲ್ಲರೂ ತಮ್ಮ ಮನೆಯ ಸ್ವರವನ್ನೇ ಕಲಿತರು. ಬೇಸ್ ಮನೆಯ ಹೆಂಗಸರು ಅದನ್ನೇ ಒಂದು ಸ್ಥಾಯಿ ಮೇಲೆ ಹಾಡಿದರು. ಮುಂದೆ ಗಂಟಲಿಗೆ ತಕ್ಕಂತೆ ಬದಲಿಸುವ ಯೋಚನೆ ಅವನಿಗಿತ್ತಂತೆ. ಇಂದು ನಾಳೆ ಎನ್ನುತ್ತ ಇಪ್ಪತ್ತು ವರ್ಷ ಕಳೆಯಿತು, ಜಪಾನಿಯರು ಬಂದರು, ದೊರೆ ಹೋದ, ತಿರುಗಿ ಬರಲಿಲ್ಲ. ಅವನು ಅನುಕೂಲಕ್ಕೆಂದು ಮಾಡಿದ್ದು ಇವರಿಗೆ ವೇದವಾಯಿತು. ರಾಗ ಅಮ್ಮನ್ನ ಮನೆಯ ಸ್ವತ್ತು. ಉಳಿದ ಮೂರು ಮನೆಯಲ್ಲಿ ಹುಟ್ಟಿದವರಿಗೆ ನೂರು ವರ್ಷವಾದರೂ ತಮ್ಮ ಕೀರ್ತನೆಯ ರಾಗ ಹಾಡಲು ಬರುವುದಿಲ್ಲ ಎಂದರೆ ನಂಬುತ್ತೀರಾ? ನಾನೂ ಮೊದಲು ನಂಬಿರಲಿಲ್ಲ. ಬೇರೆ ಮನೆಯ ಸ್ವರವನ್ನು ಬಾಯಲ್ಲಿ ಆಡಿಸುವುದೂ ಅಲ್ಲಿ ಕಳ್ಳತನ.

ಆಲಯದಲ್ಲಿ ಮನೆಗೊಂದು ಬೆಂಚು. ಸೊಸೆಯಾಗಿ ಹೋದವಳು ಗಂಡನ ಮನೆಯ ಬೆಂಚಿಗೆ ಹೋಗಿ ಆ ಮನೆಯ ಸ್ವರ ಕಲಿಯಬೇಕು. ತವರಿನ ಸ್ವರ ಅಲ್ಲಿಗೆ ಮುಗಿಯಿತು.

ಸಲೋಮಿ ಹುಟ್ಟಿದ್ದು ಅಮ್ಮನ್ನ ಮನೆಯಲ್ಲಿ. ರಾಗದ ಬೆಂಚಿನಲ್ಲಿ ಅಂಥ ಗಂಟಲು ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ ಎಂದು ಅವರನ್ನು ಕಂಡರಾಗದವರೂ ಒಪ್ಪುತ್ತಾರೆ. ಇಪ್ಪತ್ತೆರಡನೇ ವಯಸ್ಸಿಗೆ ಜತ್ತನ್ನ ಮನೆಗೆ ಕೊಟ್ಟರು. ಮದುವೆಯಾದ ಮುಂದಿನ ಭಾನುವಾರ ಬೇಸ್ ಬೆಂಚಿನಲ್ಲಿ ಕುಳಿತಿದ್ದರು. ಹಾಡು ಶುರುವಾಯಿತು, ಅಭ್ಯಾಸಬಲದಿಂದ ಬಾಯಿಗೆ ರಾಗವೇ ಬಂತು. ಅವರಣ್ಣ ರೂಬೆನ್ ಆಗ ರಾಗದ ಬೆಂಚಿನ ಮುಖ್ಯಸ್ಥ. ಇಡೀ ಸಭೆಯ ಹಾಡನ್ನು ಕೈಯೆತ್ತಿ ನಿಲ್ಲಿಸಿದ.

“ಸಲೋಮಿ, ನೀನೀಗ ಯಾವ ಬೆಂಚಿನಲ್ಲಿ ಕೂತಿದ್ದಿ, ಕಣ್ಣು ಕಾಣ್ತದಾ? ನಮ್ಮದನ್ನು ನಮಗೆ ಬಿಡು.”

ಎಲ್ಲರೂ ತಿರುಗಿ ನೋಡಿದರು. ಕೆಲವರು ನಕ್ಕರು. ಸಲೋಮಿ ಬಾಯಿ ಮುಚ್ಚಿದರು. ಮುಂದಿನ ಭಾನುವಾರದ ಹೊತ್ತಿಗೆ ಬೇಸ್ ಕಲಿತು ಬಂದಿದ್ದರು. ಐವತ್ತು ವರ್ಷ ಆ ಬೆಂಚು ಬಿಡಲಿಲ್ಲ, ರಾಗ ಎತ್ತಲಿಲ್ಲ, ಅಣ್ಣನ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಅವನು ಅದೇ ಸಭೆಯ ಮುಂದೆ ನಿಂತು, ಬಾ, ನಿನ್ನ ರಾಗ ಹಾಡು ಎಂದು ಕೇಳಬೇಕು, ಆಗ ಹಾಡುತ್ತೇನೆ ಎಂಬುದು ಅವರ ಹಠ. ಅವನು ಕೇಳಲಿಲ್ಲ. ಅವನದೂ ಅದೇ ರಕ್ತ. ಅಣ್ಣ ತಂಗಿ ಎದುರುಬದುರು ಬೆಂಚಿನಲ್ಲಿ ಕುಳಿತು ದೇವರನ್ನು ಹೊಗಳುತ್ತ ಒಬ್ಬರನ್ನೊಬ್ಬರು ಸುಡುವ ಕಣ್ಣಿನಲ್ಲಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನನ್ನ ಜಾಗ ಬಾಗಿಲ ಬಳಿ, ಬಂದುಹೋಗುವವರ ಪ್ಲಾಸ್ಟಿಕ್ ಕುರ್ಚಿ.

ಕೋವಿಡ್ ಬರುವ ಹೊತ್ತಿಗೆ ಮನೆಗಳು ಬರಿದಾಗಿದ್ದವು. ರಾಗದ ಬೆಂಚಿನಲ್ಲಿ ರೂಬೆನ್ ಒಬ್ಬನೇ. ಹೆಂಡತಿ ತೀರಿಕೊಂಡಿದ್ದಳು, ಮಗ ಇಪೋದಲ್ಲಿ ಗಿಟಾರು, ಡ್ರಮ್ಮು ಬಾರಿಸುವ ಸಭೆಗೆ ಸೇರಿ ಅಪ್ಪನ ಹಾಡನ್ನು ಕಲಿಯದೆ ಹೆಣದ ಹಾಡು ಎನ್ನುತ್ತಿದ್ದ. ಬೇಸ್ ಬೆಂಚಿನಲ್ಲಿ ಅತ್ತೆ ಒಬ್ಬರೇ. ಮಾವ ಹೋಗಿ ಹನ್ನೆರಡು ವರ್ಷ. ಅನಿಲ ಕೂರುತ್ತಾನೆ, ಆದರೆ ಅವನು ಹಾಡಿದರೆ ಹಾಡು ನಿಲ್ಲುತ್ತದೆ. ಅವನ ಕಿವಿಗೆ ಸ್ವರದ ಗಂಧವಿಲ್ಲ. ಎರಡು ಸಾವಿರದ ಇಪ್ಪತ್ತರ ಆಗಸ್ಟಿನಲ್ಲಿ ಮಾಸ್ಕ್ ಹಾಕಿಕೊಂಡು ಬನ್ನಿ, ಆದರೆ ಯಾರೂ ಬಾಯಿ ತೆರೆದು ಹಾಡಬೇಡಿ ಎಂದು ಹಿರಿಯರು ತೀರ್ಮಾನಿಸಿದರು. ಜಪಾನಿಯರ ಕಾಲದಲ್ಲೂ ರಬ್ಬರು ಒಣಗಿಸುವ ಕೋಣೆಯಲ್ಲಿ ಅಡಗಿ ಹಾಡಿದ್ದರಂತೆ. ಆ ವರ್ಷ ಕೂತು ಎದ್ದು ಬಂದರು. ಅತ್ತೆ ಫೋನಿನಲ್ಲಿ ಅನಿಲನಿಗೆ ಒಂದು ಗಂಟೆ ಬೈದರು. ಅವನೇನು ಮಾಡಿದ್ದನೋ ದೇವರಿಗೇ ಗೊತ್ತು.

ಇಪ್ಪತ್ತೊಂದರ ಜನವರಿಯಲ್ಲಿ ಕಣ್ಣಿನ ಪೊರೆ ತೆಗೆಸಲು ಪೆಟಾಲಿಂಗ್ ಜಯಾದ ನಮ್ಮ ಮನೆಗೆ ಬಂದರು. ಸೋಮವಾರ ಆಪರೇಷನ್ ಆಯಿತು. ಬುಧವಾರ ಲಾಕ್‌ಡೌನ್ ಹಾಕಿದರು, ರಾಜ್ಯದಿಂದ ರಾಜ್ಯಕ್ಕೆ ಹೋಗುವಂತಿಲ್ಲ. ಎರಡು ವಾರ ಎಂದರು. ಅಕ್ಟೋಬರಿನವರೆಗೆ ನಡೆಯಿತು. ಒಂಬತ್ತು ತಿಂಗಳು, ಹದಿನಾಲ್ಕನೇ ಮಹಡಿ, ಎರಡು ಕೋಣೆ, ನಾನು ಮತ್ತು ಅವರು. ಅನಿಲ ಅಗತ್ಯ ಸೇವೆ ಎಂದು ಪತ್ರ ಹಿಡಿದು ದಿನಾ ಬೆಳಿಗ್ಗೆ ಪುತ್ರಜಯಾಕ್ಕೆ ಪಾರಾಗುತ್ತಿದ್ದ. ಆ ಮನುಷ್ಯ ಅಷ್ಟು ಉತ್ಸಾಹದಿಂದ ಕೆಲಸಕ್ಕೆ ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನನ್ನ ಸಾರು ಅವರಿಗೆ ಸಿಹಿ. ನನ್ನ ಪಲ್ಯ ಬೇಯುವುದಿಲ್ಲ. ಕೆಳಗಿನ ತಮಿಳು ಮುಸ್ಲಿಮರ ಮಮಾಕ್ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ‘ತಪಾವ್’ ತಂದರೆ, “ಮನೆಯಲ್ಲಿ ಹೆಂಗಸು ಉಂಟಾ ಇಲ್ವಾ?” ಎಂದು ಗೋಡೆಗೆ ಕೇಳುತ್ತಿದ್ದರು. ದೇವರ ಮುಂದೆ ನಾನು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವರಿಗೆ ಕೆಮ್ಮು ಬರುತ್ತಿತ್ತು. ನಾನೇನು ಕಮ್ಮಿಯೇ? ಅವರು ಬೈಬಲ್ ಓದಲು ಕೂತಾಗ ಮಿಕ್ಸಿ ಹಾಕುತ್ತಿದ್ದೆ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಆ ಗುನುಗು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬೇಸ್. ಬರೀ ಬೇಸ್. ಅಡಿಪಾಯ ಮಾತ್ರ ಇರುವ ಮನೆಯನ್ನು ದಿನಾ ನೋಡಿದ ಹಾಗೆ. ಒಂದೇ ಸ್ವರದಲ್ಲಿ ನಾಲ್ಕೈದು ಮಾತ್ರೆ ನಿಲ್ಲುವುದು, ಎರಡು ಮೆಟ್ಟಿಲು ಇಳಿಯುವುದು, ಮತ್ತೆ ನಿಲ್ಲುವುದು. ಇದು ಯಾವ ಹಾಡೆಂದು ಕೇಳಿದವರಿಗೆ ಗೊತ್ತಾಗುವುದು ಸಾಧ್ಯವಿಲ್ಲ. ಮೊದಮೊದಲು ಒಂದು ದಿನ, ಪಾಪ, ಎಷ್ಟೆಂದರೂ ಒಂಟಿ ಮುದುಕಿ ಎಂದುಕೊಂಡು, ಅವರ ಜೊತೆಗೆ ನಾನೂ ಮೆಲ್ಲಗೆ ಗುನುಗಿದೆ. ನಿಜವಾಗಿ ಒಳ್ಳೆಯ ಮನಸ್ಸಿನಿಂದಲೇ ಗುನುಗಿದೆ.

“ನಿಲ್ಲಿಸು,” ಎಂದರು. “ಅದು ನಿನ್ನದಲ್ಲ. ನಿಂಗೆ ಅಲ್ಲಿ ಕೂರ್ಲಿಕ್ಕೆ ಬೆಂಚೇ ಇಲ್ಲ, ಹಾಡ್ಲಿಕ್ಕೆ ಬರ್ತಾಳೆ.”

ಮುಖಕ್ಕೆ ಹೊಡೆದ ಹಾಗಾಯಿತು. ಇನ್ನು ಸತ್ತರೂ ಈ ಹೆಂಗಸಿನ ಹಾಡಿಗೆ ದನಿ ಕೊಡುವುದಿಲ್ಲ ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಮೈಕು ತೆರೆದೇ ಇತ್ತು. “ಮಯೂರಿ, ಆರ್ ಯೂ ಓಕೆ ಲಾ? ಯಾಕೆ ನರಳುತ್ತಿದ್ದೀರಿ?” ಎಂದು ಯಾರೋ ಕೇಳಿದರು. ಎಕ್ಸೆಲ್ ಶೀಟು ನೋಡುತ್ತ ನಾನು ನದಿ ದಾಟುವ ಹಾಡಿನ ಬೇಸನ್ನು ಮೊದಲಿನಿಂದ ಕೊನೆಯವರೆಗೆ ಗುನುಗಿದ್ದೆ. ಒಂದು ಸ್ವರವೂ ತಪ್ಪಿರಲಿಲ್ಲ. ಎದುರಿನ ಸೋಫಾದಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿತ್ತೋ ಇಲ್ಲವೋ ಆಗ ಗೊತ್ತಾಗಲಿಲ್ಲ.

ಜುಲೈ ಕೊನೆಯಲ್ಲಿ ರೂಬೆನ್ ಮಾವನಿಗೆ ಕೋವಿಡ್ ಆಯಿತು. ಇಪೋದ ಆಸ್ಪತ್ರೆಗೆ ಸೇರಿಸಿದರು. ಹೋಗಿ ನೋಡುವ ಹಾಗಿಲ್ಲ. ನಾವು ಇನ್ನೊಂದು ರಾಜ್ಯದಲ್ಲಿದ್ದೆವು, ಅಲ್ಲೇ ಇದ್ದವರನ್ನೂ ಒಳಗೆ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ವಿಡಿಯೊ ಕರೆ ಬಂತು. ನರ್ಸ್ ಫೋನು ಹಿಡಿದಿದ್ದಳು. ಆಕ್ಸಿಜನ್ ಮಾಸ್ಕಿನ ಒಳಗೆ ರೂಬೆನ್ನನ ಮುಖ ಅರ್ಧವಾಗಿತ್ತು. ನಾನು ಅತ್ತೆಯ ಕೈಗೆ ಫೋನು ಕೊಟ್ಟು ಪಕ್ಕದಲ್ಲೇ ನಿಂತೆ.

“ಸಲೋಮಿ,” ಎಂದ. ಒಂದೊಂದು ಮಾತಿಗೂ ಉಸಿರು ಎಳೆಯುತ್ತಿದ್ದ. “ರಾಗ... ನನ್ನ ಜೊತೆ ಹೋಗ್ತದೆ. ನೀನು ಹಾಡು.”

“ಎಲ್ಲಿ ಹಾಡು?”

“ಈಗ. ಇಲ್ಲಿ. ನಾನು ಕೇಳ್ತೇನೆ. ಆಮೇಲೆ ಸಭೆಯಲ್ಲಿ.”

ಅತ್ತೆಯ ಮುಖದಲ್ಲಿ ಏನೋ ಅಲುಗಿತು. ಐವತ್ತು ವರ್ಷ ಕಾದ ಮಾತು ಅದು. ಅಷ್ಟು ಸಾಲದೇ? ನಾನಾಗಿದ್ದರೆ ಸಾಕಾಗುತ್ತಿತ್ತು ಎಂದು ಅಂದುಕೊಂಡೆ. ಆಗ ಹಾಗಂದುಕೊಂಡಿದ್ದೆ.

“ನನ್ನ ಬಾಯಿ ಮುಚ್ಚಿಸಿದ್ದು ಫೋನಿನಲ್ಲಿ ಅಲ್ಲ, ರೂಬೆಣ್ಣ,” ಎಂದರು. “ಎಲ್ಲರ ಎದುರು ಮುಚ್ಚಿಸಿದ್ದು. ಎಲ್ಲರ ಎದುರು ಕೇಳು. ಗುಣ ಆಗಿ ಬಾ, ಬಂದು ಕೇಳು.”

“ಬರ್ಲಿಕ್ಕೆ ಆಗ್ಲಿಕ್ಕಿಲ್ಲ, ಮಾರಾಯ್ತಿ.”

ಆಗ ಅವರು ಹಾಡಿದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಗೊತ್ತಾಯಿತು, ಹಾಡುತ್ತಿರುವುದು ಬೇಸ್. ಅದೇ ನಿಲ್ಲುವುದು, ಅದೇ ಇಳಿಯುವುದು. ಬೇಕೆಂದೇ ಹಾಡಿದರು, ತಲೆಯೆತ್ತಿ, ಅವನ ಕಣ್ಣನ್ನೇ ನೋಡುತ್ತ. ಆ ಕಡೆ ರೂಬೆನ್ ಮಾಸ್ಕಿನೊಳಗೆ ತುಟಿ ಆಡಿಸಿದ. ತಂಗಿಯ ಸ್ವರದ ಮೇಲೆ ತಾನೇ ರಾಗ ಇಡಲು ನೋಡಿದ. ಎರಡು ಅಕ್ಷರ ಬಂತು, ಆಮೇಲೆ ಕೆಮ್ಮು. ನರ್ಸ್ ಫೋನು ತಿರುಗಿಸಿದಳು, ಛಾವಣಿ ಕಂಡಿತು, ಕರೆ ಹೋಯಿತು. ಅತ್ತೆ ಫೋನನ್ನು ಮೇಜಿನ ಮೇಲಿಟ್ಟು, “ಇವತ್ತು ಚಾ ಮಾಡ್ತಿಯಾ ಇಲ್ವಾ?” ಎಂದು ಕೇಳಿದರು. ಅವರ ಮುಖದಲ್ಲಿ ಗೆದ್ದವರ ಬೆಳಕಿತ್ತು. ಮನುಷ್ಯರನ್ನು ನಾನು ಬೇಡವೆಂದದ್ದುಂಟು, ಸಿಟ್ಟು ಮಾಡಿಕೊಂಡದ್ದುಂಟು. ಅಷ್ಟು ಅಸಹ್ಯ ಪಟ್ಟದ್ದು ಅಂದೇ ಮೊದಲು. ಚಹಾ ಮಾಡಲಿಲ್ಲ.

ನಾಲ್ಕನೇ ದಿನಕ್ಕೆ ರೂಬೆನ್ ತೀರಿಕೊಂಡ. ಮಣ್ಣಿಗೆ ಮಗ ಮತ್ತು ಹೆರಾಲ್ಡ್ ಕರ್ಕಡ ಮಾತ್ರ ದೂರದಲ್ಲಿ ನಿಂತಿದ್ದರಂತೆ. ಹೆರಾಲ್ಡ್ ಟೆನರ್ ಮನೆಯವರು, ರಬ್ಬರು ಮಂಡಳಿಯ ಕೆಲಸದಿಂದ ನಿವೃತ್ತರಾಗಿ ಸಭೆಯ ಹಾಡಿಗೆ ಕೈ ಬೀಸುವವರು. ಸಮಾಧಿಯ ಮುಂದೆ ನದಿ ದಾಟುವ ಹಾಡು ಹಾಡಲು ಅವರಿಗೆ ಬಂದದ್ದು ಟೆನರ್ ಒಂದೇ. ರಾಗದ ಮನೆಯ ಕೊನೆಯ ಹಾಡುಗಾರನನ್ನು ರಾಗವಿಲ್ಲದೆ ಹೂಳಿದರು. ಸುದ್ದಿ ಕೇಳಿದಾಗ ಅತ್ತೆ ಅಳಲಿಲ್ಲ. ಮೂರು ದಿನ ಗುನುಗು ನಿಂತಿತು, ಅಷ್ಟೇ.

ನಾಲ್ಕನೆಯ ದಿನ ನಾನು ಕೆಲಸದಲ್ಲಿದ್ದಾಗ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟ ಸದ್ದಾಯಿತು. ನೀರಿನ ಸದ್ದಿನ ಒಳಗಿನಿಂದ ಇನ್ನೇನೋ ಬಂತು. ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದೆ. ಅದು ರಾಗ. ಎಪ್ಪತ್ತೆರಡರ ಗಂಟಲು ಅಲ್ಲಲ್ಲಿ ಒಡೆಯುತ್ತಿತ್ತು, ಆದರೆ ಏರುವ ಜಾಗದಲ್ಲಿ ಏರುತ್ತಿತ್ತು. ಅಮ್ಮನ್ನ ಮನೆಯವರು ನೂರು ವರ್ಷದಲ್ಲಿ ಅದಕ್ಕೆ ತಮ್ಮದೇ ಎಳೆತ, ಬಳುಕು ಸೇರಿಸಿದ್ದರು. ಏಳು ತಿಂಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿದ್ದ ಆ ಬೋಳು ಬೇಸಿನ ಮೇಲೆ ಅದು ಬಂದು ಕೂತಿತು. ಹಾಗಾದರೆ ಇದು ಇಷ್ಟು ಚಂದದ ಹಾಡೇ? ಅವರು ಕೆಂಪು ಕಣ್ಣಿನಲ್ಲಿ ಹೊರಗೆ ಬಂದರು.

“ಎಂತ ನೋಡ್ತಿ? ಸೋಪು ಕಣ್ಣಿಗೆ ಹೋಯ್ತು.”

ಅಕ್ಟೋಬರಿನಲ್ಲಿ ದಾರಿ ತೆರೆಯಿತು, ಆದರೆ ಇನ್ನೊಂದು ಕಣ್ಣು ತೋರಿಸುವುದಿದೆ ಎಂದು ಅತ್ತೆ ನಮ್ಮಲ್ಲೇ ಉಳಿದರು. ತಪ್ಪಿಹೋದ ಹಾಡಿನ ಭಾನುವಾರವನ್ನು ನವೆಂಬರ್ ಕೊನೆಗೆ ಇಟ್ಟುಕೊಂಡರು. ರಾಗ ಯಾರು ಹಾಡುವುದು ಎಂದು ಹೆರಾಲ್ಡ್ ತಲೆ ಕೆಡಿಸಿಕೊಂಡರು. ರೂಬೆನ್ ಬದುಕಿರುವಾಗ ಯಾರಿಗೂ ರೆಕಾರ್ಡ್ ಮಾಡಲು ಬಿಟ್ಟಿರಲಿಲ್ಲ. ದೊರೆ ಬರೆದುಕೊಟ್ಟ ಪುಸ್ತಕವನ್ನು ಗೆದ್ದಲು ಎಂದೋ ತಿಂದಿತ್ತು. ಅಂತರ್ಜಾಲದಲ್ಲಿ ವೇಲ್ಸಿನವರು ಹಾಡಿದ ಅದೇ ಕೀರ್ತನೆ ಸಿಕ್ಕಿತು, ಆದರೆ ಇಲ್ಲಿಯ ಮೂರು ಸ್ವರಗಳ ಜೊತೆಗೆ ಅದು ಹೊಂದಲೇ ಇಲ್ಲ. ನೂರು ವರ್ಷದಲ್ಲಿ ಇವರು ಅಷ್ಟು ದೂರ ಬಂದಿದ್ದರು. ಹೆರಾಲ್ಡ್ ಅತ್ತೆಗೆ ಫೋನು ಮಾಡಿದರು. “ನಂಗೆ ಮರ್ತುಹೋಗಿದೆ,” ಎಂದರು ಅತ್ತೆ. ನಾನು ಅಲ್ಲೇ ಇದ್ದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಸುಳ್ಳು ಹೇಳುತ್ತಿದ್ದಾರೆಂದು ಪ್ರಪಂಚದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಆ ಭಾನುವಾರ ಹತ್ತು ಗಂಟೆಗೆ ಅಲ್ಲಿದ್ದೆವು. ಬಾಗಿಲಲ್ಲಿ ಜ್ವರ ನೋಡಿದರು, ಫೋನಿನಲ್ಲಿ ಲಸಿಕೆಯ ಪತ್ರ ತೋರಿಸಿದೆವು. ಬೆಂಚುಗಳ ಮೇಲೆ ಕೂರುವ ಜಾಗ ಬಿಟ್ಟು ಉಳಿದಲ್ಲೆಲ್ಲ ಹಳದಿ ಟೇಪು ಅಂಟಿಸಿದ್ದರು. ಒಟ್ಟು ಇಪ್ಪತ್ತಾರು ಜನ. ರಾಗದ ಬೆಂಚು ಖಾಲಿ. ಯಾರೂ ಅದರ ಮೇಲೆ ಕೂರಲಿಲ್ಲ, ಟೇಪನ್ನೂ ಅಂಟಿಸಿರಲಿಲ್ಲ. ಅತ್ತೆ ಬೇಸ್ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು, ಪಕ್ಕದಲ್ಲಿ ಅನಿಲ. ನಾನು ಎಂದಿನ ಹಾಗೆ ಬಾಗಿಲ ಬಳಿ.

ಸಣ್ಣಪುಟ್ಟ ಕೀರ್ತನೆಗಳನ್ನು ಹೇಗೋ ತೇಲಿಸಿದರು. ಅವುಗಳ ರಾಗ ಅಚ್ಚಾದ ಕೀರ್ತನೆ ಪುಸ್ತಕದಲ್ಲಿತ್ತು, ಬೇರೆ ದಾರಿಯಿಲ್ಲದೆ ಸೋನ್ಸರ ಹುಡುಗಿಯೊಬ್ಬಳಿಂದ ಹಾಡಿಸಿದರು. ಕೊನೆಗೆ ನದಿ ದಾಟುವ ಹಾಡು ಬಂತು. ಎಲ್ಲರೂ ಎದ್ದು ನಿಂತರು, ಹೆರಾಲ್ಡ್ ಕೈಯೆತ್ತಿದರು. ಆಲ್ಟೊ ಬಂತು, ಟೆನರ್ ಬಂತು, ಬೇಸ್ ಬಂತು. ಮೇಲೆ ಏನೂ ಇಲ್ಲ. ಜನ ಮಾತು ಮರೆತವರ ಹಾಗೆ ಒಬ್ಬರ ಮುಖ ಒಬ್ಬರು ನೋಡಿದರು. ಅತ್ತೆ ಮಾತ್ರ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡು ಎಂದಿಗಿಂತ ಜೋರಾಗಿ ಬೇಸ್ ಹಾಡಿದರು. ನನ್ನನ್ನು ಎಬ್ಬಿಸಿ ಇಲ್ಲಿ ಕೂರಿಸಿದ್ದು ನೀವೇ ಅಲ್ಲವಾ, ಈಗ ಕೇಳಿ, ಎಂಬ ಹಾಗೆ. ಒಂದು ಚರಣ ಪೂರ್ತಿ ಹಾಗೇ ಹೋಯಿತು. ಆಲ್ಟೊ ಬೆಂಚಿನಲ್ಲಿ ಒಬ್ಬಾಕೆ ಅಳತೊಡಗಿದಳು. ಹೆರಾಲ್ಡ್ ಕೈ ಇಳಿಸಿದರು.

“ಸಲೋಮಿಯಕ್ಕ,” ಎಂದರು. “ಎಲ್ಲರ ಎದುರು ಕೇಳ್ತಾ ಇದ್ದೇನೆ. ಸಭೆಯ ಪರವಾಗಿ ಕೇಳ್ತಾ ಇದ್ದೇನೆ. ತಪ್ಪಾಯ್ತು. ನಿಮಗೆ ಬರ್ತದೆ ಅಂತ ನಮಗೆ ಗೊತ್ತುಂಟು. ನೀವು ಹಾಡಿ.”

ಅವರು ಕಾದಿದ್ದ ಮಾತು ಕೊನೆಗೂ ಆ ಆಲಯದಲ್ಲಿ ಕೇಳಿಸಿತು. ಅತ್ತೆ ಖಾಲಿ ಬೆಂಚನ್ನು ನೋಡಿದರು.

“ಕೇಳ್ಬೇಕಾದವನು ಕೇಳಿದ,” ಎಂದರು. “ಸಾಯುವ ನಾಲ್ಕು ದಿನದ ಮೊದ್ಲು ಕೇಳಿದ. ನಾನು ಹಾಡ್ಲಿಲ್ಲ.”

ಅನಿಲ ಅಮ್ಮನ ಕೈ ಹಿಡಿಯಲು ಹೋದ, ಅವರು ಕೊಡವಿದರು. ಬೆಂಚು ಬದಲಿಸಲಿಲ್ಲ, ನಿಂತಲ್ಲೇ ನಿಂತು ರಾಗ ಎತ್ತಿದರು. ಹೆರಾಲ್ಡ್ ತಡಬಡಿಸಿ ಕೈ ಬೀಸಿದರು, ಆಲ್ಟೊ, ಟೆನರ್ ಸೇರಿಕೊಂಡವು. ಎರಡು ವರ್ಷದ ಮೇಲೆ ಆ ತಗಡಿನ ಮಾಡಿನ ಕೆಳಗೆ ಆ ಹಾಡಿನ ರಾಗ ಕೇಳಿಸಿತು. ಆದರೆ ಕೆಲವೇ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಯಿತು, ಈಗ ಅಡಿ ಇಲ್ಲ. ಬೇಸ್ ಬೆಂಚಿನ ಒಬ್ಬಳೇ ಹಾಡುಗಾತಿ ರಾಗಕ್ಕೆ ಹೋಗಿದ್ದಳು. ಉಳಿದ ಸ್ವರಗಳು ನಿಲ್ಲಲು ನೆಲವಿಲ್ಲದೆ ಜಾರತೊಡಗಿದವು, ಟೆನರ್ ಇಳಿಯಿತು, ಆಲ್ಟೊ ಅದರ ಹಿಂದೆ ಇಳಿಯಿತು. ಅತ್ತೆಯ ಗಂಟಲು ಒಂಟಿಯಾಗಿ ಮೇಲೆ ಒದ್ದಾಡಿತು.

ಹಾಡುತ್ತಲೇ ಅವರು ಪಕ್ಕಕ್ಕೆ ನೋಡಿದರು. ಅನಿಲ ತನ್ನ ಬೂಟು ನೋಡುತ್ತಿದ್ದ. ಆಮೇಲೆ ಹಿಂದಕ್ಕೆ ತಿರುಗಿ ನೇರ ಬಾಗಿಲ ಕಡೆ ನೋಡಿದರು. ನನ್ನನ್ನು ನೋಡಿದರು. ಏಪ್ರಿಲ್ ತಿಂಗಳಲ್ಲಿ ಸೋಫಾದ ಮೇಲೆ ಅವರಿಗೆ ನಿದ್ದೆ ಬಂದಿರಲಿಲ್ಲ ಎಂದು ಆಗ ತಿಳಿಯಿತು.

ನನಗೆ ಬರುತ್ತಿತ್ತು. ಒಂದೊಂದು ಸ್ವರವೂ ಗಂಟಲಲ್ಲಿ ಬಂದು ನಿಂತಿತ್ತು. ಬಾಯಿ ತೆರೆದರೆ ಸಾಕಿತ್ತು. ಅವರ ಕಣ್ಣಿನಲ್ಲಿ ಅಪ್ಪಣೆ ಇರಲಿಲ್ಲ. ನಾನು ಎಂದೂ ಕಾಣದ ಬೇಡಿಕೆ ಇತ್ತು. ನಾನು ಮಾಸ್ಕನ್ನು ಮೂಗಿನ ಮೇಲೆ ಇನ್ನೂ ಬಿಗಿಯಾಗಿ ಎಳೆದುಕೊಂಡೆ. ಕಡೆಯ ಚರಣ ಮುಗಿಯಿತು. ಪದ್ಧತಿಯಂತೆ ಅದನ್ನು ಮತ್ತೆ ಎತ್ತಬೇಕು. ಅವರು ಎತ್ತಿದರು, ಮತ್ತೆ ನನ್ನ ಕಡೆ ನೋಡಿದರು. ಈ ಸಲವೂ ನಾನು ತುಟಿ ಬಿಚ್ಚಲಿಲ್ಲ. ಎದೆಯೊಳಗೆ ಏನೋ ತಣ್ಣಗೆ, ಸುಖವಾಗಿ ಇಳಿಯುತ್ತಿತ್ತು. ಅಲ್ಲ ಎಂದು ಯಾಕೆ ಹೇಳಲಿ? ಖುಷಿಯಾಯಿತು. ಏರುವ ಸಾಲಿನಲ್ಲಿ ಅತ್ತೆಯ ಸ್ವರ ಒಡೆಯಿತು, ಅಲ್ಲಿಗೆ ಅವರು ಕೂತುಬಿಟ್ಟರು. ನೂರು ವರ್ಷದ ಹಾಡು ಅರ್ಧ ಸಾಲಿನಲ್ಲಿ ನಿಂತಿತು.

ಚಹಾ ಕುಡಿಯದೆ ಹೊರಟೆವು. ಅನಿಲ ಕಾರು ಓಡಿಸುತ್ತಿದ್ದ, ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅವರು. ಸ್ಲಿಮ್ ರಿವರ್ ಎಂಬ ಊರು ದಾಟಿದೆವು. ಎರಡೂ ಕಡೆ ತಾಳೆ ಮರ, ಮತ್ತೆ ತಾಳೆ ಮರ.

“ಬೇಸ್ ನಿಂಗೆ ಬರ್ತದಲ್ಲ?” ಎಂದರು ಅತ್ತೆ ಹಿಂದಿನಿಂದ.

“ಬರುತ್ತೆ.”

“ಪೂರ್ತಿ?”

“ಪೂರ್ತಿ ಬರುತ್ತೆ, ಅತ್ತೆ.”

ಅನಿಲ ನನ್ನ ಕಡೆ ತಿರುಗಿದ. ರಸ್ತೆ ನೋಡಿಕೊಂಡು ಓಡಿಸು ಎಂದೆ. ಅತ್ತೆ ಬೈಯುತ್ತಾರೆಂದು ಕಾದೆ, ಬೈದರೆ ಏನು ಹೇಳಬೇಕೆಂದು ಎಲ್ಲವನ್ನೂ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ.

“ಆವತ್ತು ಫೋನಿನಲ್ಲಿ ಬೇಸ್ ಹಾಡಿದೆನಲ್ಲ, ಆಗ ನಂಗೂ ಹೀಗೇ ಖುಷಿ ಆಗಿತ್ತು,” ಎಂದರು. “ನಾಲ್ಕು ದಿನ ಇತ್ತು.”

ನನ್ನದು ಅಷ್ಟು ದಿನ ಇರಲಿಲ್ಲ. ಮುಂದಿನ ಊರು ತಂಜುಂಗ್ ಮಾಲಿಮ್ ಬರುವ ಮೊದಲೇ ಮುಗಿದಿತ್ತು. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ, ಇಂದಿಗೂ ಹೇಳಿಲ್ಲ.